ಅಳಿಸಿಹೋದ ಸಾಲು

ಮೊಂಡಿ,

ಇದನ್ನು ನಿನಗೆ ಕಳಿಸುವುದಿಲ್ಲ. ನೀನು ಕೆಲಸ ಬಿಟ್ಟು ಹೊರಟಾಗ ತಡೆಯಬೇಕಾಗಿದ್ದವನು ನಾನು. ಈಗ ಯಾವ ಮುಖ ಇಟ್ಟುಕೊಂಡು ಕಳಿಸಲಿ?

ನಾವಿಬ್ಬರೂ ಸೇರಿ ಕಟ್ಟಿದ ಆಸ್ಪತ್ರೆಯ ಆ್ಯಪ್ ನೆನಪಿದೆಯಲ್ಲ, ಒಬ್ಬ ರೋಗಿಯ ಪುಟದಲ್ಲಿ ನರ್ಸು, ಡಾಕ್ಟರು ಎಲ್ಲರೂ ತಮ್ಮ ತಮ್ಮ ಫೋನಿನಿಂದಲೇ ಬರೆಯುವಂಥದ್ದು. "ಇಬ್ಬರು ಬರೆದರೆ ಎರಡೂ ಉಳೀಬೇಕು ಕಣೋ. ಕೊನೆಗೆ ಬಂದದ್ದೇ ಪುಟವನ್ನೆಲ್ಲ ನುಂಗಿಬಿಟ್ಟರೆ ಹೇಗೆ?" ಎಂದು ನೀನು ಹಟ ಹಿಡಿದಿದ್ದೆ. "ಅದಕ್ಕೆ ಇನ್ನೂ ಮೂರು ತಿಂಗಳು ಬೇಕು, ಸುಮ್ಮನಿರು" ಎಂದು ನಾನು ಬಾಯಿ ಮುಚ್ಚಿಸಿದ್ದೆ.

ಮೊನ್ನೆ ಸಿಗ್ನಲ್ ಸಿಗದ ನೆಲಮಾಳಿಗೆಯಲ್ಲಿ ಒಬ್ಬ ನರ್ಸ್, ಮುದುಕರೊಬ್ಬರಿಗೆ ಒಂದು ಔಷಧಿ ಆಗಿಬರುವುದಿಲ್ಲ ಎಂದು ಬರೆದಳು. ಅವಳು ಮೇಲೆ ಬಂದಾಗ ಆ ಸಾಲು ಪುಟ ಸೇರಿತು. ಮರುಕ್ಷಣವೇ ಡಾಕ್ಟರು ತಮ್ಮ ಫೋನಿನಲ್ಲಿದ್ದ ಹಳೆಯ ಪುಟದಲ್ಲಿ ಹಾಸಿಗೆಯ ನಂಬರು ಬದಲಿಸಿ 'ಉಳಿಸು' ಒತ್ತಿದರು. ಆ ಹಳೆಯ ಪುಟವೇ ಕೊನೆಗೆ ಬಂದದ್ದಾಗಿ, ಅವಳ ಸಾಲು ಅಳಿಸಿಹೋಯಿತು. ಅದೇ ಔಷಧಿ ಕೊಟ್ಟರು. ಸಂಜೆಯೊಳಗೆ ಮುದುಕರು ತೀರಿಕೊಂಡರು. ಎರಡು ಫೋನುಗಳಿಂದ ಯಾವುದು ಯಾವಾಗ ಬಂತೆಂದು ನಿನ್ನೆ ನಾನೊಬ್ಬನೇ ಕೂತು ನೋಡಿದೆ.

ಇವತ್ತು ಆಸ್ಪತ್ರೆಯಲ್ಲಿ ವಿಚಾರಣೆ ನಡೆಯಿತು; ಆ್ಯಪ್ ಕಟ್ಟಿದವನೆಂದು ನನ್ನನ್ನೂ ಕರೆಸಿದ್ದರು. ನರ್ಸ್ ನನ್ನ ಕಡೆ ತಿರುಗಿ, "ಸರ್, ನಾನು ಬರೆದಿದ್ದೆ. ಬರೆದದ್ದು ಹಾಗೆ ಹೋಗಿಬಿಡುತ್ತಾ?" ಅಂದಳು.

ಎಲ್ಲರೂ ನನ್ನನ್ನೇ ನೋಡಿದರು. "ರೋಗಿಯ ಪುಟದಲ್ಲಿ ಏನೂ ಕಾಣ್ತಿಲ್ಲ" ಎಂದೆ. ಅದೇನೂ ಸುಳ್ಳಲ್ಲ.

ಅವಳು, "ಹಾಗಾದರೆ ನಾನೇ ಮರೆತಿರಬೇಕು" ಎಂದು ಮೇಜಿನ ಮೇಲೆ ಮೊದಲೇ ಬರೆದಿಟ್ಟಿದ್ದ ತಪ್ಪೊಪ್ಪಿಗೆಯ ಕಾಗದವನ್ನು ಹತ್ತಿರಕ್ಕೆಳೆದುಕೊಂಡಳು. ಸಹಿ ಹಾಕಲು ಅವಳ ಬಳಿ ಪೆನ್ನಿರಲಿಲ್ಲ. ನನ್ನದನ್ನು ಕೊಟ್ಟೆ.