ಅಪ್ಪನ ಕಾಲಿಗೆ ನಿನ್ನ ಮುಷ್ಟಿಯ ಅಳತೆ

ಮಹಾರಾಯ,

ನಾನು ಹೊಲಿಗೆ ಅಂಗಡಿಗೆ ಹೊರಟೆ. ನೀನು ಎದ್ದ ಮೇಲೆ, ಅಂದರೆ ಮಧ್ಯಾಹ್ನ, ಇದನ್ನು ಓದು.

ಅಪ್ಪನಿಗೆಂದು ತಂದ ಆರು ಜೊತೆ ಸಾಕ್ಸಿನಲ್ಲಿ ಐದನ್ನು ವಾಪಸ್ ಕೊಟ್ಟು ಬಾ. ಅಪ್ಪ ಹಾಕಿಕೊಂಡ ಜೊತೆಯನ್ನು ನೀನೇ ಇಟ್ಟುಕೋ, ನಿನ್ನ ಅಳತೆಯದೇ ತಾನೆ!

ಸಾಕ್ಸನ್ನು ಮುಷ್ಟಿಗೆ ಸುತ್ತಿದಾಗ ಹಿಮ್ಮಡಿಯೂ ತುದಿಯೂ ಕೂಡಿದರೆ ಸೈಜು ಸರಿ ಎಂದು ಹೇಳಿಕೊಟ್ಟವಳು ನಾನೇ. ಆದರೆ ಸುತ್ತಬೇಕಾದದ್ದು ಹಾಕಿಕೊಳ್ಳುವವರ ಮುಷ್ಟಿಗೆ ಕಣೋ, ಕೂಸಿನಂಥ ನಿನ್ನ ಮುಷ್ಟಿಗಲ್ಲ. ಇಷ್ಟೂ ಗೊತ್ತಿಲ್ಲದವನು “ಅಕ್ಕಾ, ಎಲ್ಲಾ ನಂಗೆ ಬಿಡು” ಅಂತ ಎದೆ ತಟ್ಟಿಕೊಂಡೆ.

ಉದ್ದವೋ, ಮೊಣಕಾಲು ಮುಟ್ಟುತ್ತದೆ. ಕಾಲು ಬಾತಿದೆ, ಗಿಡ್ಡದು ತಾ, ಇಲಾಸ್ಟಿಕ್ ಸಡಿಲ ಇರಲಿ ಅಂದಿದ್ದೆ. ಕಿವಿ ಎಲ್ಲಿಟ್ಟಿದ್ದೆ?

ಈ ಸಲ ಕಾಲನ್ನೇ ಅಳೆದುಕೊಂಡು ಹೋಗು. ಟೇಪು ನನ್ನ ದಾರದ ಡಬ್ಬಿಯಲ್ಲಿದೆ. ನೆಲದ ಮೇಲೆ ಕೂತು ಅಪ್ಪನ ಕಾಲು ಹಿಡಿದರೆ ನಿನ್ನ ದೊಡ್ಡಸ್ತಿಕೆಗೇನೂ ಕಮ್ಮಿಯಾಗುವುದಿಲ್ಲ.

ಅವರನ್ನು ಮಾತ್ರ ಕೇಳಬೇಡ. ನಿನ್ನೆಯಿಡೀ ಅದನ್ನೇ ಹಾಕಿಕೊಂಡು, “ಮಗ ತಂದಿದ್ದು, ಚೆನ್ನಾಗೇ ಇದೆ” ಅಂದರು. ಸಂಜೆ ನಾನೇ ಎಳೆದು ತೆಗೆದೆ. ಬಿಗಿದ ಗೆರೆ ಬೆಳಿಗ್ಗೆಯೂ ಮಾಸಿಲ್ಲ.

ಟೇಪನ್ನು ಆ ಗೆರೆಯ ಮೇಲೇ ಸುತ್ತು.

ಅಕ್ಕ