ಮಾತ್ರೆ ಕೊಟ್ಟಿರಿ, ನೀರಿನ ಮಾತು ಹೇಳಲಿಲ್ಲ

…‘ಹಾಸಿಗಿ ಒಣಗೇ ಐತಿ, ಇನ್ನ ಚಿಂತಿಲ್ಲ’ ಎಂದೋ, ಅಂಥದೇ ಏನೋ ಒಂದನ್ನು ಮೂಕಮ್ಮ ಅಂದ ನೆನಪು. ಆಕೆ ನನ್ನ ತಂಗಿ ಜಡೆಮ್ಮನ ಅತ್ತೆ. ಆ ಹೊತ್ತಿಗೆ ತಂಗಿ ಮೂತ್ರ ಮಾಡಿ ಒಂದು ಹಗಲು, ಒಂದು ರಾತ್ರಿ ಕಳೆದಿತ್ತು. ಜ್ವರದಲ್ಲಿ ಹಾಸಿಗೆ ಒದ್ದೆಯಾಗುವುದು ನಿಂತಿತಲ್ಲ, ನಮಗೆಲ್ಲ ಅದು ಒಳ್ಳೆಯ ಸುದ್ದಿಯಾಗಿಯೇ ಕೇಳಿಸಿತು.

ವೈದ್ಯಾಧಿಕಾರಿಗಳೇ, ಮೂತ್ರ ನಿಂತರೆ ಪ್ರಾಣಕ್ಕೆ ಅಪಾಯವೆಂದು ನಿಮ್ಮ ದವಾಖಾನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ದೂರು ಇಷ್ಟೇ.

ಕಳೆದ ವರ್ಷ, ೧೯೪೮ರ ಮಾಘದಲ್ಲಿ, ಕುರುಗೋಡಿನ ಆಚೆಯ ಹಳ್ಳಿಯಲ್ಲಿ ಅವಳಿಗೆ ನ್ಯುಮೋನಿಯಾ ಆಯಿತು. ನಿಮ್ಮ ದವಾಖಾನೆಯಲ್ಲಿ ಸಲ್ಫಾ ಮಾತ್ರೆಗಳು ಸಿಕ್ಕವು. ‘ದಿನಕ್ಕ ನಾಕು ಸಲ. ಪಥ್ಯ ಮಾಡ್ರಿ’ ಎಂದ ಕಾಂಪೌಂಡರ್. ಆ ಒಂದು ಮಾತು ನಮ್ಮ ಮನೆಗಳಲ್ಲಿ ಏನಾಗುತ್ತದೆಂದು ನೀವು ಎಂದಾದರೂ ವಿಚಾರಿಸಿದ್ದೀರಾ? ಜ್ವರದವರಿಗೆ ನೀರು ಕೊಡಬಾರದು ಎಂಬುದೇ ನಮ್ಮ ಮೊದಲ ಪಥ್ಯ. ‘ಅಣ್ಣಾ, ಒಂದ್ ಗುಟುಕರ ಕೊಡೋ’ ಎಂದಳು. ‘ನೀರು ಕುಡದ್ರ ಜ್ವರ ತಿರುಗಿ ಏರತೈತಿ, ಸುಮ್ನಿರವ್ವ’ ಎಂದು ತಂಬಿಗೆಯನ್ನು ಅವಳ ಕೈಗೆಟುಕದ ಗೂಡಿನಲ್ಲಿಟ್ಟವನು ನಾನೇ. ಪುಸ್ತಕ ಓದುವವನೆಂದು ಆ ಮನೆಯಲ್ಲಿ ನನಗೆ ಮರ್ಯಾದೆಯಿತ್ತು.

ಎರಡನೆಯ ದಿನ ಸೊಂಟದ ಮೇಲೆ ನೋವು, ಮೂತ್ರದಲ್ಲಿ ಕೆಂಪು. ಮೂರನೆಯ ದಿನ ಮೂತ್ರವೇ ಇಲ್ಲ. ಜ್ವರ ಇಳಿದಿತ್ತು, ಮೂಕಮ್ಮ ಓಣಿಗೆಲ್ಲ ಬೆಲ್ಲ ಹಂಚಿದಳು. ಐದನೆಯ ದಿನ ಮುಖ ಊದಿತು, ವಾಂತಿ ಶುರುವಾಯಿತು. ಬಳ್ಳಾರಿಗೆ ತಂದೆವು.

‘ನೀರು ಎಷ್ಟು ಕುಡಿಸೀರಿ?’ ಎಂದರು ಅಲ್ಲಿಯ ಡಾಕ್ಟರು.

‘ಮಾತ್ರಿ ನುಂಗೋವಷ್ಟು ಬಿಟ್ರ ಒಂದು ಹನೀನೂ ಕೊಟ್ಟಿಲ್ರೀ’ ಎಂದೆ, ಹೆಮ್ಮೆಯಿಂದ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನೀರು ಸಾಲದ ಮೈಯಲ್ಲಿ ಈ ಮಾತ್ರೆ ಹರಳುಗಟ್ಟಿ ಮೂತ್ರಪಿಂಡದ ದಾರಿ ಮುಚ್ಚುತ್ತದಂತೆ. ಧಾರಾಳ ನೀರು, ಜೊತೆಗೆ ಸೋಡಾ ಪುಡಿ ಕೊಟ್ಟಿದ್ದರೆ ಬಹುಶಃ ತಪ್ಪುತ್ತಿತ್ತಂತೆ. ಕೆಂಪು ಕಂಡ ದಿನವೇ ಮಾತ್ರೆ ನಿಲ್ಲಿಸಿ ತಂದಿದ್ದರೂ ಸಾಕಿತ್ತಂತೆ. ಮೂರು ದಿನದ ಮೇಲೆ ತೀರಿಕೊಂಡಳು.

ನಿಮ್ಮ ದವಾಖಾನೆಯ ಗೋಡೆಯ ಮೇಲೆ, ಉಗುಳಬಾರದೆಂದು ಮೂರು ಭಾಷೆಗಳಲ್ಲಿ ಬರೆದ ಹಲಗೆಯಿದೆ. ಗೋಡೆಯ ಆರೋಗ್ಯದ ಬಗ್ಗೆ ಇಷ್ಟು ಕಾಳಜಿ ಸಂತೋಷದ ಸಂಗತಿ. ಅದರ ಕೆಳಗೆ ಇನ್ನೂ ಜಾಗವಿದೆ. ಹೋಗಿ ನೋಡಿ ಬಂದಿದ್ದೇನೆ. ಅಲ್ಲಿ ಕನ್ನಡದಲ್ಲಿ, ತೆಲುಗಿನಲ್ಲಿ ಬರೆಸಿ: ಈ ಮಾತ್ರೆ ನುಂಗುವವರಿಗೆ ಬೇಡವೆಂದರೂ ನೀರು ಕುಡಿಸಿ, ಮೂತ್ರವನ್ನು ಪಾತ್ರೆಯಲ್ಲಿ ಹಿಡಿದು ನೋಡಿ, ಕಡಿಮೆಯಾದರೆ ಅಂದೇ ಬನ್ನಿ. ಓದಲು ಬಾರದವರಿಗೆ ಕಾಂಪೌಂಡರ್ ಹೇಳಲಿ. ಕೇಳಿದವರು ತಿರುಗಿ ಹೇಳಿದ ಮೇಲೆಯೇ ಮಾತ್ರೆ ಕೊಡಲಿ. ಇಷ್ಟಕ್ಕೂ ಮದ್ರಾಸ್ ಸರಕಾರದ ಅಪ್ಪಣೆ ಬೇಕೆ?

ಬೇಕೆನ್ನುವುದಾದರೆ ಅಲ್ಲಿಗೂ ಬರೆಯುತ್ತೇನೆ. ಬರೆಯಲಾಗದ್ದು ಒಂದೇ ಕಡೆಗೆ. ಜಡೆಮ್ಮಾ, ನೀನು ಎರಡನೆಯ ಸಲ ನೀರು ಕೇಳಲೇ ಇಲ್ಲ. ಅಣ್ಣನಿಗೆ ಎಲ್ಲ ಗೊತ್ತಿದೆ ಅಂದುಕೊಂಡೆಯೇನವ್ವ?

ಇಂತಿ,
ತಂಬಿಗೆ ಎತ್ತಿಟ್ಟವನು