ಕಿರುಚುವ ಕೆಲಸ

ಮಾರ್ಚ್ 3, ಭಾನುವಾರ

ಭಾನುವಾರದ ಚಾಟಿಯೇಟು ನೋಡಲು ಇವತ್ತೂ ಜೈಲಿನ ಗ್ಯಾಲರಿ ಭರ್ತಿ. ಹತ್ತಿ ತುಂಬಿದ ಚಾಟಿ, ಬೆನ್ನಿಗೆ ಕೆಂಪು ಬಣ್ಣ, ಕೈದಿಯ ಬಟ್ಟೆ. ಸುಳ್ಳು ಕೈದಿಯಾಗಿ ನಾನು ಕಿರುಚಿದ್ದೇ ಕಿರುಚಿದ್ದು. ಮುಂದಿನ ಸಾಲಿನ ಹೆಂಗಸು ಸೆರಗಲ್ಲಿ ಮುಖ ಮುಚ್ಚಿಕೊಂಡಳು. ನಾಟಕದ ಕಂಪನಿಯಲ್ಲಿ ವರ್ಷಾನುಗಟ್ಟಲೆ ರಾಜನ ಪಾರ್ಟು ಮಾಡಿದೆ — ಒಬ್ಬರೂ ಹೀಗೆ ನೋಡಲಿಲ್ಲ.

ಸೂಪರಿಂಟೆಂಡೆಂಟರ ಲೆಕ್ಕ ಸರಳ. "ನೋವು ಯಾರಿಗೂ ಬೇಡ ಕಣ್ರೀ. ಹೆದರಿಕೆ ಎಲ್ರಿಗೂ ಬೇಕು." ಕಟ್ಟಡವೂ ಅವರದೇ ಪ್ಲಾನ್. ಸುತ್ತ ಕೋಣೆಗಳು, ನಡುವೆ ಗೋಪುರ, ಅದರ ಕಿಟಕಿಗೆ ಪರದೆ. ಒಳಗಿಂದ ಯಾರೋ ನೋಡುತ್ತಿದ್ದಾರೆಂದು ಕೈದಿಗಳು ಬಾಲ ಮುದುರಿಕೊಂಡಿರುತ್ತಾರೆ. ಒಳಗೆ ಯಾರೂ ಇಲ್ಲ. ಅದು ನನ್ನ ಮೇಕಪ್ ರೂಮು!

ಮನೆಗೆ ಬಂದರೆ ಮನೆಯವಳು, "ಏನ್ರೀ, ಇವತ್ತೆಷ್ಟು ಸಲ ಸತ್ರಿ?" ಎಂದಳು.

ಮಾರ್ಚ್ 15, ಶುಕ್ರವಾರ

ಗಂಟಲು ಕೈಕೊಟ್ಟಿತು. ಪಿಸುಮಾತೂ ಇಲ್ಲ. ಡಾಕ್ಟರು ಎರಡು ವಾರ ಬಾಯಿ ಬಿಡಬೇಡಿ ಅಂದರು. ಮನೆಯವಳಿಗೆ ಹಬ್ಬ.

ಸೂಪರಿಂಟೆಂಡೆಂಟರು ಬೇಜಾರು ಮಾಡಿಕೊಳ್ಳಲಿಲ್ಲ. "ರೆಸ್ಟ್ ತಗೊಳ್ಳಿ. ಜನ ಅಂತೂ ಬರ್ತಾರೆ. ಒಬ್ಬನಿಗೆ ನಿಜವಾಗ್ಲೂ ಏಟು ಬಿದ್ರೆ ಸಾವಿರ ಜನ ನೆಟ್ಟಗಾಗ್ತಾರೆ. ನೀವೇ ತೂಗಿ ನೋಡಿ."

ಯಾರಿಗೆ? — ಕೈಸನ್ನೆಯಲ್ಲಿ ಕೇಳಿದೆ.

"ಬಡಗಿಗೆ. ಬೆನ್ನು ಅಗಲ ಇದೆ, ದೂರಕ್ಕೂ ಕಾಣ್ಸುತ್ತೆ."

ಬಡಗಿ ಅಂದರೆ ಕಳ್ಳತನಕ್ಕೆ ಒಳಗೆ ಬಂದವನು. ನನ್ನ ಸ್ಟೂಲಿನ ಕಾಲು ರಿಪೇರಿ ಮಾಡಿಕೊಟ್ಟವನು. ಪಾಪದವನು.

ಮಾರ್ಚ್ 17, ಭಾನುವಾರ

ಹೋಗಬಾರದಿತ್ತು. ಹೋದೆ.

ನಿಜವಾದ ಚಾಟಿ. ಬಡಗಿ ಹಲ್ಲು ಕಚ್ಚಿ ನಿಂತ, ಒಂದು ಸದ್ದಿಲ್ಲ. ಗ್ಯಾಲರಿಯಲ್ಲಿ ಗುಜುಗುಜು. "ಇವನಿಗೇನೂ ಆಗ್ತಿಲ್ಲ, ಸರಿಯಾಗಿ ಬಾರ್ಸ್ರೀ!" ಯಾರೋ ಶಿಳ್ಳೆ ಹೊಡೆದ. "ಬರೀ ನಾಟಕ ಇದು! ಹಳೇ ಕೈದಿನ ಕರ್ಕೊಂಡ್ ಬನ್ನಿ!"

ಹಳೇ ಕೈದಿ ಅಂದರೆ ನಾನು. ಒಂದು ಗಳಿಗೆ ಖುಷಿಯಾಯಿತು. ಥೂ ನನ್ನ ಜನ್ಮಕ್ಕೆ.

ಮಾರ್ಚ್ 29, ಶುಕ್ರವಾರ

ದನಿ ಬಂತು. ಹೋಗಿ ಹೇಳಿದೆ — ಇನ್ನು ಬಡಗಿ ಬೇಡ ಸಾರ್, ನಾನೇ ಬರ್ತೀನಿ.

"ಬನ್ನಿ. ಆದ್ರೆ ಗೋಪುರದ ಪರದೆ ಹಿಂದೆ ನಿಂತ್ಕೊಳ್ಳಿ. ಬೆನ್ನು ಅವನದು, ದನಿ ನಿಮ್ಮದು. ನಿಜವಾದ ರಕ್ತ ನೋಡಿದ ಜನಕ್ಕೆ ಇನ್ನು ನಿಮ್ಮ ಬಣ್ಣ ಹಿಡಿಸಲ್ಲ."

ನನ್ನ ಕೈಲಾಗಲ್ಲ, ಬಿಟ್ಟುಹೋಗ್ತೀನಿ ಅಂದೆ.

"ಹೋಗಿ. ಆಗ ಅವನೇ ಕೂಗೋವರೆಗೂ ಹೊಡೀಬೇಕಾಗುತ್ತೆ." ಕೋಪವಿಲ್ಲ, ತಾಪವಿಲ್ಲ. ಟೀ ತರಿಸಿಕೊಟ್ಟರು.

ತನ್ನ ಕೋಣೆಯಲ್ಲಿ ಬಡಗಿ ಬೋರಲು ಮಲಗಿದ್ದ. ನನ್ನ ನೋಡಿ ನಕ್ಕ. "ಯಜಮಾನ್ರೇ, ಮೊದಲನೇ ಏಟಿಗೇ ಚೆನ್ನಾಗಿ ಕೂಗಿಬಿಡಿ. ಜನಕ್ಕೆ ಸಾಕಾದ್ರೆ ಐದಕ್ಕೇ ನಿಲ್ಲಿಸ್ತಾರಂತೆ."

ಆಯ್ತಪ್ಪಾ ಅಂದೆ.

ಮಾರ್ಚ್ 31, ಭಾನುವಾರ, ಸಂಜೆ

ಕೂಗಿದೆ. ಜನ್ಮದಲ್ಲಿ ಹಾಗೆ ಕೂಗಿರಲಿಲ್ಲ. ಪರದೆಯ ಸಂದಿಯಿಂದ ಚಾಟಿ ಏಳುವುದು ನೋಡಿ, ಬೀಳುವಷ್ಟರಲ್ಲಿ ಅವನ ಪಾಲಿನದನ್ನೆಲ್ಲ ನಾನೇ ಕೂಗಿದೆ. ಐದಾಯಿತು. ವಾರ್ಡರ್ ಚಾಟಿ ಇಳಿಸಿದ. ಗ್ಯಾಲರಿ ತೆಪ್ಪಗಾಗಿತ್ತು. ಅಬ್ಬಾ, ಮುಗಿಯಿತು ಅಂದುಕೊಂಡೆ.

ಚಪ್ಪಾಳೆ ಶುರುವಾಯಿತು. ಹಿಂದಿನ ಸಾಲಿಂದ ಒಬ್ಬ ಎದ್ದು ನಿಂತು — "ಒನ್ಸ್ ಮೋರ್!"

ಆಮೇಲೆ ಎಲ್ಲರೂ.

ಸೂಪರಿಂಟೆಂಡೆಂಟರು ಗ್ಯಾಲರಿ ಕಡೆ ನೋಡಿದರು, ವಾರ್ಡರ್ ಕಡೆ ಆಗಲಿ ಎಂದು ತಲೆಯಾಡಿಸಿದರು. ಬಡಗಿ ಕತ್ತು ತಿರುಗಿಸಿ ನನ್ನ ಪರದೆಯನ್ನೇ ನೋಡುತ್ತಿದ್ದ. ಚಾಟಿ ಎದ್ದಿತು. ಕೂಗಿದರೆ ಮತ್ತೆ ಒನ್ಸ್ ಮೋರ್, ಕೂಗದಿದ್ದರೆ ಅವನೇ ಕೂಗುವವರೆಗೂ ಏಟು. ನಾನು —